ವಾಲಿದ ಅಕ್ಷರ, ಓಡುವ ಅಕ್ಷರ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯೊಂದರಲ್ಲಿ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್ ಫಲಕವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ಅನುಚಿತವೆನಿಸಬಹುದು. ಕೃತಿಯೂ ಇಲ್ಲ, ಕರ್ತೃವೂ ಇಲ್ಲ, ಎರಡು ವಾರ ಬಿಸಿಲಿಗೆ ನಿಂತು ಮೂರನೆಯ ವಾರ ಯಾರದೋ ಸೌದೆ ರಾಶಿಯ ಹೊದಿಕೆಯಾಗುವ ವಸ್ತು ಅದು. ಆದರೆ ಕುಂಜತ್ತೂರಿನಲ್ಲಿ ನಿಂತು ನೋಡುವವರಿಗೆ ಇನ್ನೊಂದು ಮಾತೂ ಕಾಣುತ್ತದೆ. ತಲಪಾಡಿಯ ಗಡಿ ದಾಟಿ ಮಂಜೇಶ್ವರದತ್ತ ಬರುವ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಶಾಲೆಯ ಪಠ್ಯಪುಸ್ತಕದ ಹೊರಗೆ ನಮ್ಮ ಮಕ್ಕಳು ದಿನವೂ ಓದುವ ಕನ್ನಡವೆಂದರೆ ಬಹುಮಟ್ಟಿಗೆ ಇದೇ: ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ವಾಗತ, ಯಕ್ಷಗಾನ ಬಯಲಾಟದ ಕರೆ, ‘ಹೊನಲು ಬೆಳಕಿನ ಮ್ಯಾಟ್ ಕಬಡ್ಡಿ ಪಂದ್ಯಾಟ’. ಈ ಮೂರರಲ್ಲಿ ಮೊದಲಿನೆರಡಕ್ಕೆ ಒಂದು ಲಿಪಿಸಂಪ್ರದಾಯವಿದೆ. ಮೂರನೆಯದಕ್ಕೆ ಇನ್ನೂ ಇಲ್ಲ. ಅದು ದಪ್ಪಗಿರುತ್ತದೆ, ಬಲಕ್ಕೆ ವಾಲಿರುತ್ತದೆ, ಅಂಚಿನಲ್ಲಿ ಬಿಳಿಯ ಗೆರೆಯನ್ನೂ ಅದರ ಹೊರಗೆ ಕರಿಯ ನೆರಳನ್ನೂ ಹೊತ್ತಿರುತ್ತದೆ. ದೂರದಿಂದ ಕಣ್ಣಿಗೆ ಹೊಡೆಯುತ್ತದೆ, ಹತ್ತಿರ ಬಂದರೆ ಓದಲು ತಡವರಿಸುವಂತೆ ಮಾಡುತ್ತದೆ. ಈ ತಡವರಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದು ನಮ್ಮ ಪ್ರಶ್ನೆ.

ವಾಲಿದ ಅಕ್ಷರಕ್ಕೂ ವೇಗಕ್ಕೂ ನಂಟು ಹೇಗೆ ಬಂತು? ರೋಮನ್ ಲಿಪಿಯ ಓರೆಯಕ್ಷರ ಮೂಲತಃ ವೇಗದ ಚಿಹ್ನೆಯಾಗಿರಲಿಲ್ಲ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಶಿಯಸ್ 1501ರಲ್ಲಿ ವರ್ಜಿಲ್ ಕವಿಯ ಕಾವ್ಯವನ್ನು ಫ್ರಾಂಚೆಸ್ಕೊ ಗ್ರಿಫೊ ಕೊರೆದ ಇಟಾಲಿಕ್ ಮೊಳೆಯಲ್ಲಿ ಅಚ್ಚು ಹಾಕಿದಾಗ, ಅದು ವಿದ್ವಾಂಸರ ಮತ್ತು ಕಚೇರಿಯ ಕರಣಿಕರ ಬಿರುಬರಹವನ್ನು ಲೋಹದಲ್ಲಿ ಹಿಡಿಯುವ ಪ್ರಯತ್ನವಾಗಿತ್ತು. ಲೇಖನಿಯನ್ನು ಎತ್ತದೆ ಬರೆಯುವ ಕೈ ತಾನಾಗಿ ಬಲಕ್ಕೆ ವಾಲುತ್ತದೆ. ವಾಲಿಕೆ ಅಲ್ಲಿ ಫಲ, ಕಾರಣವಲ್ಲ. ವೇಗದ ಅರ್ಥ ಬಂದುದು ಮೋಟಾರಿನ ಯುಗದಲ್ಲಿ. 1910ರ ದಶಕದ ಆರಂಭದಲ್ಲಿ ಫ್ರಾನ್ಸಿನ ಝಾಕ್ ಆನ್ರಿ ಲಾರ್ತಿಗ್ ತೆಗೆದ ಪಂದ್ಯದ ಕಾರಿನ ಛಾಯಾಚಿತ್ರ ಪ್ರಸಿದ್ಧವಾದುದು. ಕ್ಯಾಮರಾದ ಪರದೆ ಚಿತ್ರವನ್ನು ಪಟ್ಟಿಪಟ್ಟಿಯಾಗಿ ಗ್ರಹಿಸಿದುದರಿಂದ ಓಡುವ ಕಾರಿನ ಚಕ್ರ ಅಂಡಾಕಾರವಾಗಿ ಮುಂದಕ್ಕೆ ಬಾಗಿತು. ರಸ್ತೆಯ ಬದಿಯಲ್ಲಿ ನಿಂತವರು ಹಿಂದಕ್ಕೆ ವಾಲಿದರು. ಯಂತ್ರದ ಒಂದು ಕೊರತೆ ವೇಗದ ಭಾಷೆಯಾಗಿಬಿಟ್ಟಿತು. ಬಳಿಕ ವ್ಯಂಗ್ಯಚಿತ್ರ, ಟಯರಿನ ಜಾಹೀರಾತು, ಪಂದ್ಯದ ಅಂಗಿ, ಬೂಟಿನ ಪೆಟ್ಟಿಗೆ ಎಲ್ಲವೂ ಅದನ್ನೇ ನುಡಿದವು. ಇಂದು ಜಗತ್ತಿನ ಯಾವ ಮೂಲೆಯಲ್ಲೇ ಆಗಲಿ, ದಪ್ಪಗೆ ಬಲಕ್ಕೆ ವಾಲಿದ ದೊಡ್ಡ ಅಕ್ಷರ ಕಂಡರೆ ಭಾಷೆ ತಿಳಿಯದವನಿಗೂ ಅದು ಕ್ರೀಡೆಯದೆಂದು ತಿಳಿಯುತ್ತದೆ.

ಈ ಭಾಷೆಯನ್ನು ಕನ್ನಡ ಆಡಬಾರದೆಂದು ಯಾರೂ ಹೇಳಲಾರರು. ಆದರೆ ರೋಮನ್ ಅಕ್ಷರ ವಾಲಿದಾಗ ಆಗುವುದೂ ಕನ್ನಡದ ಅಕ್ಷರ ವಾಲಿದಾಗ ಆಗುವುದೂ ಒಂದೇ ಅಲ್ಲ. ರೋಮನ್ ದೊಡ್ಡಕ್ಷರಗಳಲ್ಲಿ ಬಹುಪಾಲು ಕಂಬಗಳಿವೆ. ನೇರ ಕಂಬ ಹತ್ತು ಹನ್ನೆರಡು ಡಿಗ್ರಿ ವಾಲಿದರೆ ಕಣ್ಣು ಅದನ್ನು ಕೂಡಲೇ ಅಳೆಯುತ್ತದೆ. ಓಟಗಾರನ ಮುಂಬಾಗಿದ ಬೆನ್ನು ಕಂಡಂತಾಗುತ್ತದೆ. ಕನ್ನಡದಲ್ಲಿ ಕಂಬವೆಲ್ಲಿದೆ? ‘ಗ’ಕಾರದ ಎರಡು ಕಾಲುಗಳನ್ನು ಬಿಟ್ಟರೆ ಉಳಿದುದೆಲ್ಲ ಬಹುತೇಕ ವೃತ್ತ, ವೃತ್ತದ ತುಂಡು, ವೃತ್ತದೊಳಗಿನ ಸುರುಳಿ. ತಾಳೆಗರಿಯ ಮೇಲೆ ಕಂಠದಿಂದ ಬರೆದ ಲಿಪಿ ಗುಂಡಗಾಯಿತೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ವೃತ್ತವನ್ನು ಓರೆಯಾಗಿ ಎಳೆದರೆ ಅದು ವಾಲಿದಂತೆ ಕಾಣುವುದಿಲ್ಲ, ಜಜ್ಜಿದಂತೆ ಕಾಣುತ್ತದೆ. ಒಂದು ಕರ್ಣದ ದಿಕ್ಕಿನಲ್ಲಿ ಗೆರೆ ದಪ್ಪವಾಗಿ ಇನ್ನೊಂದರಲ್ಲಿ ತೆಳ್ಳಗಾಗುತ್ತದೆ. ‘ರ’, ‘ಠ’ ಮತ್ತು ಅನುಸ್ವಾರದ ಸೊನ್ನೆ ಇದಕ್ಕೆ ಮೊದಲ ಬಲಿ. ಓರೆ ಮಾಡಿದ ಮೇಲೆ ವೃತ್ತದ ದಪ್ಪವನ್ನು ಕೈಯಿಂದ ತಿದ್ದಿ ಸರಿಪಡಿಸುವುದು ಅಕ್ಷರಶಿಲ್ಪಿಯ ಕೆಲಸ. ಗಣಕದ ಒಂದು ಗುಂಡಿಯನ್ನು ಒತ್ತಿ ಅಕ್ಷರವನ್ನು ಓರೆ ಮಾಡಿದವನು ಆ ಕೆಲಸವನ್ನು ಮಾಡಿಲ್ಲ, ಮಾಡಬೇಕೆಂದು ಅವನಿಗೆ ಯಾರೂ ಹೇಳಿಯೂ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಒತ್ತಕ್ಷರದ್ದು. ಕನ್ನಡದ ಒತ್ತು ಮೂಲಾಕ್ಷರದ ಕೆಳಗೆ, ಸಾಮಾನ್ಯವಾಗಿ ಸ್ವಲ್ಪ ಬಲಕ್ಕೆ ಸರಿದು ಕುಳಿತಿರುತ್ತದೆ. ಓದುವ ಕಣ್ಣು ಮೇಲಿನಿಂದ ಇಳಿದು ಬಲಕ್ಕೆ ಹೋಗಿ ಅದನ್ನು ಎತ್ತಿಕೊಂಡು ಮುಂದಿನ ಅಕ್ಷರಕ್ಕೆ ದಾಟುತ್ತದೆ. ಸಾಲಿನ ತಳಗೆರೆಯನ್ನು ಆಧಾರವಾಗಿಟ್ಟು ಇಡೀ ಪದವನ್ನು ಬಲಕ್ಕೆ ಓರೆ ಮಾಡಿದಾಗ ಗೆರೆಯ ಮೇಲಿನದೆಲ್ಲ ಬಲಕ್ಕೂ ಗೆರೆಯ ಕೆಳಗಿನದೆಲ್ಲ ಎಡಕ್ಕೂ ಸರಿಯುತ್ತದೆ. ಇದು ರೇಖಾಗಣಿತ, ಇದರೊಡನೆ ವಾದಿಸಿ ಫಲವಿಲ್ಲ. ರೋಮನ್ ಲಿಪಿಯಲ್ಲಿ ತಳಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಚಿಕ್ಕಕ್ಷರಗಳ ಬಾಲ ಮಾತ್ರ, ದೊಡ್ಡಕ್ಷರಗಳಲ್ಲಿ ಅದೂ ಇಲ್ಲವೆನ್ನುವಷ್ಟು ಕಡಿಮೆ. ಕನ್ನಡದಲ್ಲಿ ಗೆರೆಯ ಕೆಳಗೆ ಒಂದು ಪೂರ್ಣ ವ್ಯಂಜನವೇ ವಾಸವಾಗಿದೆ. ‘ಕಬಡ್ಡಿ’ಯ ಎರಡನೆಯ ‘ಡ’ ಓರೆಯಾದ ಫಲಕದಲ್ಲಿ ತನ್ನ ಮನೆಯನ್ನು ಬಿಟ್ಟು ‘ಬ’ಕಾರದ ಜಗಲಿಗೆ ಬಂದು ಕುಳಿತಂತೆ ತೋರುತ್ತದೆ. ಅಕ್ಷರವನ್ನು ದಪ್ಪ ಮಾಡಿ ಅಂತರವನ್ನು ಬಿಗಿ ಮಾಡಿದರಂತೂ ‘ಡ’ ಯಾರದೆಂದು ನಿರ್ಣಯಿಸಲು ಪಂಚಾಯಿತಿಕೆ ಬೇಕು. ಓದುಗ ಪದವನ್ನು ಓದುವುದಿಲ್ಲ, ಊಹಿಸುತ್ತಾನೆ. ಕಬಡ್ಡಿಯಂಥ ಪರಿಚಿತ ಪದವನ್ನು ಊಹಿಸಬಹುದು. ಊರಿನ ಹೆಸರನ್ನು, ಆಟಗಾರನ ಹೆಸರನ್ನು ಊಹಿಸುವುದು ಹೇಗೆ?

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಆಟ, ಓಟ, ಕೂಟ, ಗೆಲುವು, ಪಡೆ, ಬಳಗ, ಕಾಳಗ: ನಮ್ಮ ಮನೆಮಾತಿನ ಕ್ರೀಡಾಶಬ್ದಗಳಲ್ಲಿ ಒತ್ತಕ್ಷರವೇ ಇಲ್ಲ. (‘ಆಟ’ ಎಂದಷ್ಟೇ ಅಂದರೆ ನಮ್ಮ ಕಡೆ ಯಕ್ಷಗಾನವೆಂದು ಅರ್ಥವಾಗುತ್ತದೆಂಬುದು ಬೇರೆ ಮಾತು.) ಒತ್ತುಗಳ ಹೇರು ಬಂದಿರುವುದು ಇಂಗ್ಲಿಷಿನಿಂದ. ‘ಫ್ರೆಂಡ್ಸ್ ಸ್ಪೋರ್ಟ್ಸ್ ಕ್ಲಬ್’ ಎಂಬ ಮೂರು ಪದಗಳನ್ನು ಕನ್ನಡದಲ್ಲಿ ಬರೆದು ನೋಡಬೇಕು. ರಕಾರದ ಒತ್ತು, ಸಕಾರದ ಒತ್ತು, ಪಕಾರದ ಒತ್ತು, ಲಕಾರದ ಒತ್ತು. ನಡುವೆ ‘ರ್ಟ್ಸ್’ ಎಂಬ ಒಂದೇ ಗಂಟಿನಲ್ಲಿ ಮೇಲೊಂದು, ಕೆಳಗೊಂದು, ಬದಿಗೊಂದು. ಕನ್ನಡ ಲಿಪಿ ಇದನ್ನು ಹೊರಲಾರದೆಂದಲ್ಲ. ಸಂಸ್ಕೃತದ ಇನ್ನೂ ಕಠಿಣವಾದ ಸಂಯುಕ್ತಾಕ್ಷರಗಳನ್ನು ಶತಮಾನಗಳಿಂದ ಹೊತ್ತಿದೆ. ನೆಟ್ಟಗೆ ನಿಂತು ಹೊತ್ತಿದೆ. ಹೊರೆ ಹೊತ್ತವನನ್ನು ಓರೆಯಾಗಿ ನಿಲ್ಲಿಸಿದರೆ ಹೊರೆ ಜಾರುವುದು ಸಹಜವಲ್ಲವೆ?

ಇನ್ನು ದಪ್ಪದ ಮಾತು. ‘ಪ’ಕ್ಕೂ ‘ಫ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಕೆಳಗಿನ ಒಂದು ಸೀಳುಗೆರೆ. ‘ಧ’ಕ್ಕೂ ‘ಥ’ಕ್ಕೂ ನಡುವೆ ಒಂದು ಬಿಂದು. ‘ಪ’ವನ್ನು ‘ಷ’ದಿಂದ ಬೇರ್ಪಡಿಸುವುದಕ್ಕೂ ಒಳಗಿನ ಒಂದು ಗೆರೆಯೇ ಗತಿ, ‘ಹೊಟ್ಟೆ ಸೀಳಿದ ಷ’ ಎಂದು ನಮ್ಮ ಮೇಷ್ಟ್ರುಗಳು ಹೇಳಿಕೊಡುತ್ತಿದ್ದುದು ಇದನ್ನೇ. ಅಕ್ಷರ ದಪ್ಪವಾದಂತೆ ಅದರ ಒಳಬಯಲು ಕುಗ್ಗುತ್ತದೆ, ಬಿಂದು ಗೋಡೆಗೆ ಅಂಟುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ. ‘ಪ್ರಥಮ’ ಬಹುಮಾನ ‘ಪ್ರದಮ’ವಾಗುತ್ತದೆ, ‘ಅಭಿನಂದನೆ’ ‘ಅಬಿನಂದನೆ’ಯಾಗುತ್ತದೆ. ಅದರ ಮೇಲೆ ಬಿಳಿಯ ಅಂಚುಗೆರೆಯನ್ನೂ ಎಳೆದರೆ ಉಳಿದಿದ್ದ ಸೀಳೂ ಹೂತುಹೋಗುತ್ತದೆ. ಬಾಯಿಮಾತಿನಲ್ಲಿ ಮೊದಲೇ ಸಡಿಲವಾಗಿರುವ ಮಹಾಪ್ರಾಣ ಬರಹದಲ್ಲಾದರೂ ಉಳಿಯಲೆಂದು ಅಧ್ಯಾಪಕರು ವರ್ಷವಿಡೀ ಕೆಂಪು ಶಾಯಿ ಸುರಿಸುತ್ತಾರೆ. ಶಾಲೆಯ ಗೇಟಿನೆದುರು ಹತ್ತಡಿಯ ಫಲಕ ಅದನ್ನು ಅಳಿಸಿ ನಿಂತಿರುತ್ತದೆ.

ಈ ದೋಷಗಳಿಗೆ ಫಲಕ ರಚಿಸುವ ಯುವಕರನ್ನು ದೂರುವುದು ಸುಲಭ, ನ್ಯಾಯವಲ್ಲ. ಅವರ ಕೈಗೆ ಬಂದ ಸಾಮಗ್ರಿಯ ಚರಿತ್ರೆಯನ್ನು ನೋಡಬೇಕು. ಗಣಕದ ಕನ್ನಡಕ್ಕೆ ಕರಾವಳಿಯ ಋಣ ದೊಡ್ಡದು. ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, ಸೇಡಿಯಾಪು ಅವರ ಹೆಸರನ್ನಿಟ್ಟು ಅವರು ರೂಪಿಸಿದ ತಂತ್ರಾಂಶ, ಅನಂತರದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯಿಂದ ಬಂದ ‘ಶ್ರೀಲಿಪಿ’ ಇವೆಲ್ಲ ಸೇರಿ ಕನ್ನಡವನ್ನು ಮುದ್ರಣಾಲಯದಿಂದ ಮೇಜಿನ ಮೇಲಕ್ಕೆ ತಂದವು. ಆ ಕಾಲದ ಅಕ್ಷರಗುಚ್ಛಗಳಲ್ಲಿ ಅಕ್ಷರವನ್ನು ತುಂಡುಗಳಾಗಿ ಜೋಡಿಸುವ ಉಪಾಯವಿತ್ತು: ಒಡಲು ಬೇರೆ, ತಲೆಕಟ್ಟು ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತು ಬೇರೆ. ಯುನಿಕೋಡ್ ಬಂದು ಬಹುಕಾಲವಾದರೂ ಫಲಕ ರಚನೆಯ ತಂತ್ರಾಂಶಗಳ ಹಳೆಯ ಆವೃತ್ತಿಗಳು ಕನ್ನಡದ ಯುನಿಕೋಡನ್ನು ಸರಿಯಾಗಿ ಕೂಡಿಸದ ಕಾರಣ ಈ ತುಂಡಕ್ಷರಗಳೇ ಅಂಗಡಿಗಳಲ್ಲಿ ಉಳಿದುಕೊಂಡವು. ಸಾದಾ ಸಾಲಿನಲ್ಲಿ ಬೆಸುಗೆ ಕಾಣುವುದಿಲ್ಲ. ಅಂಚುಗೆರೆ ಎಳೆದೊಡನೆ ಪ್ರತಿಯೊಂದು ತುಂಡಿಗೂ ಬೇರೆ ಬೇರೆ ಗೆರೆ ಬಿದ್ದು ತಲೆಕಟ್ಟಿಗೂ ಒಡಲಿಗೂ ನಡುವೆ ಗಾಯದ ಕಲೆಯಂತೆ ಒಂದು ರೇಖೆ ಮೂಡುತ್ತದೆ. ಹೆದ್ದಾರಿಯ ಫಲಕಗಳಲ್ಲಿ ಈ ಕಲೆಯನ್ನು ಕಂಡವರು ಅದೂ ಒಂದು ಅಲಂಕಾರವೆಂದು ಭಾವಿಸಿರಬಹುದು.

ಮೊಳೆಯಚ್ಚಿನ ಪರಂಪರೆಯೂ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. 1894ರಲ್ಲಿ ಕಿಟೆಲ್ ಅವರ ನಿಘಂಟು ಅದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮೊಳೆಯಚ್ಚಿನಲ್ಲಿ ಹೊರಬಂತು. ಅಷ್ಟು ಶ್ರೀಮಂತವಾದ ಮುದ್ರಣ ಕುಂಜತ್ತೂರಿಗೆ ಕೂಗಳತೆಯ ದೂರದಲ್ಲಿ ನಡೆದಿದ್ದರೂ ಕನ್ನಡಕ್ಕೆ ತನ್ನದೇ ಆದ ಓರೆಮೊಳೆಯ ವಾಡಿಕೆ ಬೆಳೆಯಲಿಲ್ಲ. ಒತ್ತಿ ಹೇಳಬೇಕಾದುದನ್ನು ದಪ್ಪ ಮೊಳೆಯಲ್ಲೋ ಉದ್ಧರಣ ಚಿಹ್ನೆಯೊಳಗೋ ಇಡುವುದು ನಮ್ಮ ಪುಸ್ತಕಗಳ ಕ್ರಮ. ಓರೆ ನಮಗೆ ಬೇಕಾಗಿರಲಿಲ್ಲ. ಬೇಕೆನಿಸಿದ್ದು ಪಂದ್ಯಾಟದ ಅಂಗಿಯ ಮೇಲೆ ಹೆಸರು ಬರೆಯುವ ಕಾಲ ಬಂದಾಗ.

ನಿಜವಾದ ನಷ್ಟ ಆಗುತ್ತಿರುವುದೂ ಅಲ್ಲಿಯೇ. ತಂಡಕ್ಕೆ ಅಂಗಿ ಹೊಲಿಸುವಾಗ ಹುಡುಗರು ಎದೆಯ ಮೇಲಿನ ಹೆಸರನ್ನು ಯಾವ ಲಿಪಿಯಲ್ಲಿ ಬರೆಯಿಸಬೇಕೆಂದು ಯೋಚಿಸುತ್ತಾರೆ. ಕನ್ನಡದ ಅಭಿಮಾನ ಅವರಿಗೆ ಕಡಿಮೆಯೇನಿಲ್ಲ. ಕನ್ನಡದಲ್ಲಿ ‘ಸ್ಟೈಲ್’ ಅಕ್ಷರವಿಲ್ಲ, ಇಂಗ್ಲಿಷಿನಲ್ಲಾದರೆ ನೂರು ಬಗೆಯಿದೆ ಎಂಬ ಮಾತು ಅಂಗಡಿಯ ಮೇಜಿನ ಆಚೆಯಿಂದ ಬರುತ್ತದೆ. ಕನ್ನಡ ಅಂಗಿಯಿಂದ ಇಳಿಯುತ್ತದೆ. ಕ್ರಿಕೆಟ್ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಎಂಬ ಅಪ್ಪಟ ಆಡುಗನ್ನಡದ ಘೋಷಣೆ ದೇಶವನ್ನೆಲ್ಲ ಸುತ್ತಿತು. ಬೆಂಗಳೂರಿನ ತಂಡ 2025ರ ಜೂನ್ 3ರಂದು ಕೊನೆಗೂ ಐಪಿಎಲ್ ಕಪ್ ಎತ್ತಿದಾಗ ಅದು ಎಲ್ಲರ ಬಾಯಲ್ಲಿತ್ತು. ಆದರೆ ಆ ಮಾತು ಹೆಚ್ಚಾಗಿ ಸುತ್ತಿದ್ದು ರೋಮನ್ ಲಿಪಿಯ ವೇಷದಲ್ಲಿ. ನಾಲ್ಕು ಪದಗಳ ಆ ಸಾಲಿನಲ್ಲಿ ಇರುವುದು ‘ಮ್ದೇ’ ಎಂಬ ಒಂದೇ ಒತ್ತು. ಕನ್ನಡದ ಅಕ್ಷರಶಿಲ್ಪಿಗೆ ಇದಕ್ಕಿಂತ ಸುಲಭವಾದ ಕ್ರೀಡಾಘೋಷಣೆ ಸಿಗಲಾರದು. ಅಷ್ಟಾಗಿಯೂ ಅದರ ಕನ್ನಡ ರೂಪ ಕಣ್ಣಿನಲ್ಲಿ ನಿಲ್ಲುವಂತೆ ಒಂದು ನೆಲೆಗೆ ಬರಲಿಲ್ಲ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಗಡಿಯ ಈಚೆಗಿರುವ ನಮಗೆ ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡಿಗರು ಅರ್ಜಿ, ಆದೇಶ, ನಾಮಫಲಕಗಳಲ್ಲಿ ಕನ್ನಡವಿರಲೆಂದು ಕೇಳುತ್ತಲೇ ಬಂದಿದ್ದಾರೆ. ಚಂದ್ರಗಿರಿಯ ಉತ್ತರದ ಪ್ರದೇಶದ ಬಗೆಗೆ 1967ರ ಮಹಾಜನ ವರದಿ ಹೇಳಿದ್ದನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಸರಕಾರದ ಫಲಕದಲ್ಲಿ ಕನ್ನಡವಿಲ್ಲದಿದ್ದರೆ ಮನವಿ ಸಲ್ಲಿಸಲು ನಮಗೆ ದಾರಿಯಿದೆ. ನಮ್ಮದೇ ಹುಡುಗರ ಅಂಗಿಯಿಂದ ಕನ್ನಡ ಇಳಿದರೆ ಮನವಿಯನ್ನು ಯಾರಿಗೆ ಕೊಡುವುದು? ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ಆಡುವ ಇಲ್ಲಿನ ಹುಡುಗನಿಗೆ ಕನ್ನಡ ಮುಖ್ಯವಾಗಿ ಕಣ್ಣಿನ ಭಾಷೆ, ಓದುವ ಬರೆಯುವ ಭಾಷೆ. ಆದ್ದರಿಂದ ಲಿಪಿಯ ರೂಪ ಕೆಟ್ಟರೆ ಆಗುವ ನಷ್ಟ ಮೈಸೂರಿನ ಹುಡುಗನಿಗಿಂತ ಅವನಿಗೆ ಹೆಚ್ಚು.

ಹೊಸ ಅಕ್ಷರಗುಚ್ಛಗಳು ಬಂದಿಲ್ಲವೆಂದಲ್ಲ. ಏಕ್ ಟೈಪ್ ಎಂಬ ಮುಂಬಯಿಯ ಅಕ್ಷರಶಿಲ್ಪಿಗಳ ಬಳಗ ಮುಕ್ತವಾಗಿ ಬಿಟ್ಟಿರುವ ‘ಬಾಲೂ’ ಎಂಬ ದಪ್ಪಕ್ಷರದ ಕುಟುಂಬದಲ್ಲಿ ಕನ್ನಡದ ರೂಪಕ್ಕೆ ‘ಬಾಲೂ ತಮ್ಮ’ ಎಂದೂ ಮಲಯಾಳದ ರೂಪಕ್ಕೆ ‘ಬಾಲೂ ಚೇಟ್ಟನ್’ ಎಂದೂ ಹೆಸರು. ಕಾಸರಗೋಡಿನ ದ್ವಿಭಾಷಾ ಫಲಕದಲ್ಲಿ ಅಣ್ಣ ಯಾರು, ತಮ್ಮ ಯಾರು ಎಂಬುದನ್ನು ಹೆಸರಿಟ್ಟವರು ಅರಿಯದೆಯೇ ಹೇಳಿಬಿಟ್ಟಿದ್ದಾರೆ! ‘ತಮ್ಮ’ ಚೆಲುವ, ಗೆರೆಯ ತುದಿಗಳು ಮೃದು, ದಪ್ಪಗಿದ್ದರೂ ಒಳಬಯಲುಗಳು ಉಸಿರಾಡುತ್ತವೆ, ಸೀಳುಗಳು ಮುಚ್ಚಿಲ್ಲ. ಆದರೆ ಅವನು ಕುಳಿತ ಪೈಲ್ವಾನ, ಓಡುವವನಲ್ಲ. ಮಿಠಾಯಿ ಅಂಗಡಿಗೆ ಒಪ್ಪುವಷ್ಟು ಕಬಡ್ಡಿಗೆ ಒಪ್ಪುವುದಿಲ್ಲ. ಅದೇ ಬಳಗ 2022ರಲ್ಲಿ ಹೊರತಂದ ‘ಅನೇಕ್’ ಬೇರೆ ಜಾತಿಯದು. ಅದರಲ್ಲಿ ದಪ್ಪವನ್ನು ನೂರರಿಂದ ಎಂಟುನೂರರವರೆಗೂ ಅಗಲವನ್ನು ಎಪ್ಪತ್ತೈದರಿಂದ ನೂರಿಪ್ಪತ್ತೈದರವರೆಗೂ ಬೇಕಾದಂತೆ ಹೊಂದಿಸಬಹುದು. ಕನ್ನಡ, ಮಲಯಾಳ, ರೋಮನ್ ಲಿಪಿಗಳು ಒಂದೇ ಮೈಕಟ್ಟಿನಲ್ಲಿ ನಿಲ್ಲುತ್ತವೆ. ಮೂರು ಲಿಪಿಗಳ ಫಲಕ ಬರೆಯುವ ನಮ್ಮ ಊರಿನವರಿಗೆ ಇದು ಹೇಳಿ ಮಾಡಿಸಿದಂತಿದೆ. ಅದರ ಅಗಲವಾದ, ಅತಿ ದಪ್ಪದ ಕನ್ನಡವನ್ನು ನೆಟ್ಟಗೆ ಇಟ್ಟರೇ ಸಾಕು, ಓರೆಯ ಹಂಗಿಲ್ಲದೆ ಅಂಗಿಯ ಎದೆಯನ್ನು ತುಂಬುತ್ತದೆ. ಇಷ್ಟಿದ್ದೂ ಈ ಎರಡು ಕುಟುಂಬಗಳಲ್ಲಿಯೂ ಓರೆಯ ಕನ್ನಡವಿಲ್ಲ. ಓರೆ ಬೇಕೆಂದವನು ಮತ್ತೆ ಗುಂಡಿಯನ್ನು ಒತ್ತಬೇಕು. ವೃತ್ತ ಮತ್ತೆ ಜಜ್ಜಬೇಕು.

ಹಾಗಾದರೆ ಕನ್ನಡದ ಅಕ್ಷರ ಓಡುವುದು ಹೇಗೆ? ನಮ್ಮ ಎಣಿಕೆಯಲ್ಲಿ ಕನ್ನಡದ ವೇಗ ಒಡಲಿನಲ್ಲಿಲ್ಲ, ತಲೆಕಟ್ಟಿನಲ್ಲಿದೆ. ತೆಲುಗಿನ ತಲಕಟ್ಟು ಸರಿ ಗುರುತಿನಂತೆ ಚೂಪಾಗಿ ಮೇಲೇಳುತ್ತದೆ; ಕನ್ನಡದ್ದು ಮಟ್ಟಸವಾಗಿ ಬಲಕ್ಕೆ ಹರಿದು ತುದಿಯಲ್ಲಿ ಮಾತ್ರ ಕೊಂಚ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಕನ್ನಡದ ಚಲನೆ. ಯಾಂತ್ರಿಕವಾಗಿ ಓರೆ ಮಾಡಿದಾಗ ಅಡ್ಡಗೆರೆ ಅಡ್ಡಗೆರೆಯಾಗಿಯೇ ಉಳಿಯುತ್ತದೆ, ಮೇಲೆದ್ದ ತುದಿ ಮಾತ್ರ ಬಲಕ್ಕೆ ಮಲಗುತ್ತದೆ. ಎಂದರೆ ವೇಗ ಬರಲೆಂದು ಮಾಡಿದ ಉಪಾಯ ಇದ್ದ ವೇಗವನ್ನೇ ಕೊಲ್ಲುತ್ತದೆ. ಇದರ ಬದಲಿಗೆ ಒಡಲನ್ನು ನಾಲ್ಕೈದು ಡಿಗ್ರಿಗಿಂತ ಹೆಚ್ಚು ವಾಲಿಸದೆ, ತಲೆಕಟ್ಟನ್ನು ನೀಳವಾಗಿಸಿ, ತುದಿಯನ್ನು ಕತ್ತರಿಸಿದಂತೆ ಚೂಪುಗೊಳಿಸಿ, ಒತ್ತನ್ನು ಅದರ ಮೂಲಸ್ಥಾನಕ್ಕೆ ಬಲಕ್ಕೆ ಮರಳಿ ತಂದರೆ ಏನಾಗುತ್ತದೆಂದು ನೋಡಬೇಕು. ‘ಜ’, ‘ಟ’, ‘ಣ’, ‘ಬ’, ‘ಲ’ಗಳಿಗೆ ತಲೆಕಟ್ಟಿಲ್ಲ, ಅವುಗಳ ಚಲನೆಯನ್ನು ಸುರುಳಿಯ ಆರಂಭದಲ್ಲಿ ಹುಡುಕಬೇಕು. ಇದು ಕುಳಿತು ಮಾಡುವ ಕೆಲಸ.

ತಲೆಕಟ್ಟನ್ನೇ ಕಿತ್ತುಹಾಕಿ ರೋಮನ್ ಅಕ್ಷರದಂತೆ ಬೋಳಾಗಿಸುವ ಪ್ರಯೋಗವನ್ನು ಕೆಲವರು ಬೆಂಗಳೂರಿನ ಕಡೆಯ ಅಂಗಡಿಗಳ ಫಲಕಗಳಲ್ಲಿ ಮಾಡುತ್ತಿದ್ದಾರೆ. ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟಾಗಲೂ ಕನ್ನಡ ಕಾವ್ಯ ಕೆಟ್ಟಿತೆಂದವರಿದ್ದರು, ಆದುದರಿಂದ ಇದನ್ನೂ ಬಿಡಬಹುದಲ್ಲ ಎಂಬ ವಾದ ಬರಬಹುದು. ಹೋಲಿಕೆ ಒಪ್ಪುವುದಿಲ್ಲ. ಪೈಗಳು ಬಿಟ್ಟದ್ದು ಹೊರಗಿನ ಕಟ್ಟನ್ನು; ಬಿಟ್ಟ ಮೇಲೆ ಒಳಗಿನ ಲಯಕ್ಕೆ ಇಂಬಾಯಿತು. ತಲೆಕಟ್ಟು ಹಾಗಲ್ಲ. ‘ಕ’ದ ತಲೆಕಟ್ಟಿದ್ದರೆ ಅಕಾರ, ಅದು ಹೋಗಿ ಇನ್ನೊಂದು ಚಿಹ್ನೆ ಬಂದರೆ ‘ಕಿ’, ‘ಕೆ’, ‘ಕ್’. ಅದು ಅರ್ಥವನ್ನು ಹೊರುವ ಅಂಗ. ಅದನ್ನು ಚಿಕ್ಕದಾಗಿಸಬಹುದು, ಚೂಪಾಗಿಸಬಹುದು, ತೆಗೆಯಲಾಗದು.

ಇಂಥ ಅಕ್ಷರದ ಮಾದರಿ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಹಳೆಯ ಕಡತಗಳ ಮೋಡಿ ಬರಹವಿದೆ. ಗ್ರಿಫೊ ಕರಣಿಕರ ಕೈಬರಹದಿಂದ ಪಡೆದುದನ್ನು ನಾವು ಮೋಡಿಯಿಂದ ಪಡೆಯಬಹುದಿತ್ತು. ಅದು ಪುಸ್ತಕದ ಓರೆಗೆ ಒದಗುವ ಮಾತು. ಕ್ರೀಡೆಯ ದಪ್ಪಕ್ಷರಕ್ಕೆ ಹತ್ತಿರದ ಪೂರ್ವಜ ಬಣ್ಣದ ಕುಂಚ. ಮಂಗಳೂರು ತಲಪಾಡಿಗಳ ನಡುವೆ ಓಡುವ ಖಾಸಗಿ ಬಸ್ಸುಗಳ ಹಣೆಯ ಮೇಲೆ, ನಾಟಕದ ಪರದೆಗಳ ಮೇಲೆ, ಯುವಕ ಮಂಡಲಗಳ ಗೋಡೆಗಳ ಮೇಲೆ ಚಪ್ಪಟೆ ಕುಂಚದಿಂದ ಕನ್ನಡ ಬರೆದ ಪೈಂಟರುಗಳು ಓರೆಯನ್ನು ಬಲ್ಲವರಾಗಿದ್ದರು. ಅವರು ಮೊದಲು ನೆಟ್ಟಗೆ ಬರೆದು ಬಳಿಕ ವಾಲಿಸಿದವರಲ್ಲ, ವಾಲಿಸಿಯೇ ಬರೆದವರು. ಆದುದರಿಂದ ಅವರ ವೃತ್ತ ಜಜ್ಜುತ್ತಿರಲಿಲ್ಲ. ಒತ್ತು ಎಲ್ಲಿ ಕುಳಿತರೆ ಓದಲು ಬರುತ್ತದೆಂದು ಕೈಗೆ ಗೊತ್ತಿತ್ತು. ಜಾಗ ಸಾಲದಿದ್ದರೆ ಒತ್ತನ್ನು ಚಿಕ್ಕದು ಮಾಡಿ ಬದಿಗೆ ತೂರಿಸುತ್ತಿದ್ದರು. ಕೊನೆಯ ಅಕ್ಷರದ ಬಾಲವನ್ನು ಎಳೆದು ಇಡೀ ಪದದ ಕೆಳಗೆ ಒಂದು ಬೀಸುಗೆರೆಯಾಗಿಸುವ ಚಮತ್ಕಾರ ಅವರದು. ಇಂದು ಕ್ರೀಡಾ ಅಂಗಿಗಳ ಇಂಗ್ಲಿಷ್ ಹೆಸರುಗಳ ಕೆಳಗೆ ಕಾಣುವುದೂ ಅದೇ.

ಅವರಲ್ಲಿ ಹಲವರು ಈಗ ಕುಂಚವನ್ನು ಕೆಳಗಿಟ್ಟಿದ್ದಾರೆ. ಹೆದ್ದಾರಿಯನ್ನು ಆರು ಪಥಗಳಿಗೆ ಅಗಲಿಸುವಾಗ ರಸ್ತೆಬದಿಯ ಗೋಡೆಗಳೂ ಹೋದವು. ಗೋಡೆಗಳೊಡನೆ ಅವರ ಬರಹವೂ ಹೋಯಿತು. ಕುಂಚ ಹಿಡಿಯಬಲ್ಲವರು ಇನ್ನೂ ಇರುವಾಗಲೇ ಒಬ್ಬಿಬ್ಬರನ್ನು ಕರೆದು, ದೊಡ್ಡ ಹಾಳೆಯ ಮೇಲೆ ಅಕಾರದಿಂದ ಳಕಾರದವರೆಗೆ ಓರೆಯ ದಪ್ಪಕ್ಷರಗಳನ್ನು ಬರೆಯಿಸಿ ಚಿತ್ರ ತೆಗೆದಿಟ್ಟುಕೊಳ್ಳುವುದು ನಮ್ಮಂಥ ಸಂಘಗಳ ಕೈಯಲ್ಲಾಗುವ ಕೆಲಸ. ಅದನ್ನು ಗಣಕಕ್ಕೆ ಏರಿಸಬಲ್ಲ ತರುಣರು ಇಂದು ಊರೂರಿನಲ್ಲಿದ್ದಾರೆ. ಬರೆಯಿಸುವಾಗ ಒತ್ತಕ್ಷರಗಳನ್ನು ಮರೆಯದೆ ಬರೆಯಿಸಬೇಕು. ಮೊದಲ ಹಾಳೆಯಲ್ಲಿಯೇ ‘ಸ್ಪೋರ್ಟ್ಸ್’ ಎಂದು ಬರೆಯಿಸಿದರೆ ಉಳಿದವು ಸುಲಭ.